ಹತ್ತರಲ್ಲಿ ನಾಲ್ಕು

"ಇನ್ನೂ ಸ್ವಲ್ಪ ಸಡ್ಲ ಬಿಡಿ ಸರ್," ಎಂದ ಉಮೇಶ, ಆ ಕೈಯನ್ನು ಮುಟ್ಟಿದ್ದೇ ತಪ್ಪಾಯಿತು ಎಂದುಕೊಳ್ಳುತ್ತಾ.

ಕೈ ತನ್ಮಯ್ ಎಂಬ ಗೆಸ್ಟಿನದು. ಅದರ ಮೇಲೆ ಮೊದಲು ಬಿಸಿಲಿಗೆ ಹಚ್ಚುವ ಕ್ರೀಮು, ಅದರ ಮೇಲೆ ಈಗಷ್ಟೇ ತಿಂದ ಈರುಳ್ಳಿ ಬಜ್ಜಿಯ ಎಣ್ಣೆ, ಎಲ್ಲದರ ಮೇಲೆ ಬೆವರು. ಹಿಡಿದರೆ ಕೆರೆಯ ಮೀನು ಹಿಡಿದ ಹಾಗೆ ಪಿಚಕ್ಕೆನ್ನುತ್ತಿತ್ತು. ಹೆಸರು ತನ್ಮಯ್ ಆದರೂ ಮನುಷ್ಯ ಯಾವುದರಲ್ಲೂ ತನ್ಮಯನಾಗಿರಲಿಲ್ಲ. ಒಂದು ಕಣ್ಣು ಚೆಂಡಿನ ಮೇಲೆ, ಇನ್ನೊಂದು ಕಣ್ಣು ತನ್ನನ್ನು ಶೂಟ್ ಮಾಡುತ್ತಿದ್ದ ಸ್ನೇಹಿತರ ಫೋನಿನ ಮೇಲೆ.

ಬೆಳಿಗ್ಗೆಯಿಂದ ಉಮೇಶನ ಪಾಲಿಗೆ ಇದು ಹನ್ನೊಂದನೆಯ ಕೈ. ಗೆಸ್ಟುಗಳ ಹಿಂದೆ ನಿಂತು, ಅವರ ಬೆರಳುಗಳ ಮೇಲೆ ತನ್ನ ಬೆರಳಿಟ್ಟು, ಗಾಲ್ಫ್ ಸ್ಟಿಕ್ಕನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂದು ಹೇಳಿಕೊಡುವುದು ಅವನ ಕೆಲಸ. ಒದ್ದೆ ಕೈ, ಚಿಪ್ಸಿನ ಪುಡಿ ಮೆತ್ತಿದ ಕೈ, ಮೂಗಿನಿಂದ ಆಗಷ್ಟೇ ಹೊರಬಂದ ಕೈ, ಎಲ್ಲವನ್ನೂ ಅವನು ಹಿಡಿದಿದ್ದ. ಗೆಸ್ಟುಗಳಿಗೂ ಅವನ ಕೈಯೆಂದರೆ ಅಷ್ಟಕ್ಕಷ್ಟೆ. ಇಪ್ಪತ್ತೈದು ವರ್ಷ ಕತ್ತಿ ಹಿಡಿದು ಆಮೆ ಚಿಪ್ಪಾಗಿದ್ದ ಅಂಗೈ ಅದು. ಪಾಠ ಮುಗಿದ ಕೂಡಲೇ ಅವರು ಚೀಲದಿಂದ ಪುಟ್ಟ ಬಾಟಲಿ ತೆಗೆದು, ಅವನ ಎದುರಿಗೇ ಸ್ಯಾನಿಟೈಸರ್ ಹಚ್ಚಿ ಉಜ್ಜಿಕೊಳ್ಳುತ್ತಿದ್ದರು. ಹೀಗೆ ಎರಡೂ ಕಡೆಯವರು ಒಬ್ಬರಿಗೊಬ್ಬರು ಹೇಸಿಕೊಂಡು, ಹಲ್ಲು ಕಿರಿದು, ಫೋಟೊ ತೆಗೆಸಿಕೊಳ್ಳುವುದಕ್ಕೆ ರೆಸಾರ್ಟಿನ ಪ್ಯಾಕೇಜಿನಲ್ಲಿ 'ಕಾಫಿ ಕಣದಲ್ಲಿ ಗಾಲ್ಫ್' ಎಂದು ಹೆಸರು.

ರೆಸಾರ್ಟಿನ ಒಡೆಯರು ಅತ್ತಿಗುಂಡಿಯ ರಾಜೀವ್. ಅಪ್ಪನ ಕಾಲದಿಂದ ಪ್ಲಾಂಟರ್ ಆಗಿದ್ದವರು ಮೂರು ವರ್ಷದ ಹಿಂದೆ ಪ್ಲಾನರ್ ಆದರು. ಕಾಫಿ ಹಣ್ಣು ಕುಯ್ಯಿಸಿದ ದಿನವೇ ಲಾರಿಗೆ ಹಾಕಿ ಮಾರಿಬಿಡುತ್ತಿದ್ದುದರಿಂದ ಮೇಲಿನ ಕಣ ಖಾಲಿ ಬಿದ್ದಿತ್ತು. ಅದಕ್ಕೆ ಹಸಿರು ಪ್ಲಾಸ್ಟಿಕ್ ಹುಲ್ಲು ಹೊದೆಸಿ, ಎದುರಿಗೆ ಬಲೆ ಕಟ್ಟಿಸಿದರು. ಮೊದಲು ಕಾಫಿ ಒಣಗಿಸುತ್ತಿದ್ದ ಕಣದಲ್ಲಿ ಈಗ ಪೇಟೆಯವರನ್ನು ಹರವಿದ್ದಾರೆ, ಹೊತ್ತು ಹೊತ್ತಿಗೆ ಮಗುಚಿಯೂ ಹಾಕುತ್ತಾರೆ ಎಂದು ಕೂಲಿಯವರ ಲೈನ್ ಮನೆಗಳ ಹೆಂಗಸರು ನಗುತ್ತಿದ್ದರು.

ಉಮೇಶ ನೆರಳಿನ ಮರ ಹತ್ತಿ ಕೊಂಬೆ ಕಡಿಯುವವನು. ಎಸ್ಟೇಟಿನಲ್ಲಿ ಆ ಕೆಲಸಕ್ಕೆ ಮರಗಸಿ ಎನ್ನುತ್ತಾರೆ. ಅವನು ಮರಗಸಿ ಮಾಡಿದ ತೋಟದಲ್ಲಿ ಬಿಸಿಲನ್ನು ಅಳತೆ ಮಾಡಿ ಇಳಿಸಿದ ಹಾಗಿರುತ್ತಿತ್ತು. ಎರಡು ವರ್ಷದ ಹಿಂದೆ ನಲವತ್ತಡಿ ಮೇಲಿಂದ ಬಿದ್ದ. ಬಲಗಾಲು ಮಡಚುವುದನ್ನು ಮರೆಯಿತು. ಮರ ಹತ್ತಲಾಗದವನಿಗೆ, ಇಳಿಜಾರಿನಲ್ಲಿ ಮೂಟೆ ಹೊರಲಾಗದವನಿಗೆ ಎಸ್ಟೇಟಿನಲ್ಲಿ ಕೆಲಸವಿಲ್ಲ. ಕೆಲಸವಿಲ್ಲದವನಿಗೆ ಲೈನ್ ಮನೆಯೂ ಇಲ್ಲ. ಆಗ ರಾಜೀವರೇ ಕರೆದು, "ನಿಂಗೆ ಬೀಸೋದು ಗೊತ್ತಲ್ಲ ಮಾರಾಯ, ಇದೂ ಬೀಸೋದೇ," ಎಂದು ಸ್ಟಿಕ್ಕು ಕೊಟ್ಟಿದ್ದರು. ಗುರಿಯಿಲ್ಲದವರಿಗೆಲ್ಲ ಅವನು ಗುರುವಾದದ್ದು ಹಾಗೆ.

ಬೇಕಾದರೆ ಬಿಡಬಹುದಾದ ಕೆಲಸ ಅದಾಗಿರಲಿಲ್ಲ. ಆದ್ದರಿಂದ ಉಮೇಶ ಕಲಿತ. ಗೆಸ್ಟುಗಳು ಹೋದ ಮೇಲೆ ಸಂಜೆಯ ಬೆಳಕು ಇರುವಷ್ಟು ಹೊತ್ತು ಒಬ್ಬನೇ ಹೊಡೆಯುತ್ತಿದ್ದ. ಬಿಗಿ ಹಿಡಿದರೆ ತೋಳು ಮರಗಟ್ಟಿ ಚೆಂಡು ಬಲಕ್ಕೆ ಓಡುತ್ತಿತ್ತು, ಸಡಿಲ ಹಿಡಿದರೆ ಸ್ಟಿಕ್ಕು ಕೈಯೊಳಗೇ ಹೊರಳುತ್ತಿತ್ತು. ಎಡಗೈಯ ಕೊನೆಯ ಮೂರು ಬೆರಳು ಹಿಡಿಯಬೇಕು, ಉಳಿದವು ನೆಂಟರ ಹಾಗೆ ಸುಮ್ಮನೆ ಜೊತೆಗಿರಬೇಕು. ಬೀಸು ಶುರುವಾದ ಮೇಲೆ ಎಷ್ಟು ಬೇಕೋ ಅಷ್ಟು ಬಿಗಿಯನ್ನು ಕೈಯೇ ತಂದುಕೊಳ್ಳುತ್ತದೆ. ಕತ್ತಿಯದೂ ಇದೇ ಲೆಕ್ಕ. ಇಬ್ಬನಿ ಬಿದ್ದ ಬೆಳಿಗ್ಗೆ ಹಿಡಿಯುವುದು ಒಂದು ಬಿಗಿ, ಮಧ್ಯಾಹ್ನದ ಬೆವರಿಗೆ ಇನ್ನೊಂದು. ಮರಗಸಿಯವರು ಕತ್ತಿಯ ಹಿಡಿಗೆ ಹುರಿ ಕಟ್ಟಿ ಅದರ ಕುಣಿಕೆಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡೇ ಮರ ಹತ್ತುವುದು. ಕೈ ಜಾರಿದರೂ ಕತ್ತಿ ಕೆಳಗಿನವರ ತಲೆಗೆ ಬೀಳಬಾರದು. ಉಮೇಶ ಗಾಲ್ಫ್ ಸ್ಟಿಕ್ಕುಗಳಿಗೂ ಹಾಗೇ ಒಂದೊಂದು ಕುಣಿಕೆ ಕಟ್ಟಿದ್ದ.

ಕುಣಿಕೆ ಬಿಚ್ಚಿಸಿದವಳು ನಿಖಿತಾ. ರಾಜೀವರ ಮಗಳು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದು ರೆಸಾರ್ಟನ್ನು ತಾನೇ ನಡೆಸುತ್ತಿದ್ದಳು. "ಉಮೇಶಣ್ಣ, ಫೋಟೊದಲ್ಲಿ ಗೆಸ್ಟುಗಳನ್ನ ದನ ಕಟ್ಟಿದ ಹಾಗೆ ಕಾಣ್ಸುತ್ತೆ," ಎಂದು ಹೋದ ವಾರವಷ್ಟೇ ಎಲ್ಲವನ್ನೂ ಕತ್ತರಿಸಿದ್ದಳು. ಬದಲಿಗೆ ಒಂದು ಕಾರ್ಡು ಬರೆದು ಲ್ಯಾಮಿನೇಷನ್ ಮಾಡಿಸಿ ಕೊಟ್ಟಿದ್ದಳು. 'ಒಂದರಿಂದ ಹತ್ತರವರೆಗೆ ಎಣಿಸಿದರೆ ನಿಮ್ಮ ಹಿಡಿತ ನಾಲ್ಕು ಇರಲಿ. ಪುಟ್ಟ ಹಕ್ಕಿಮರಿಯನ್ನು ಹಿಡಿದಂತೆ ಹಿಡಿಯಿರಿ. ಮುಗುಳ್ನಗುತ್ತಿರಿ.'

ಈಗ ತನ್ಮಯನ ಕೈ ಹಕ್ಕಿಮರಿಯನ್ನಲ್ಲ, ಸೋಪನ್ನು ಹಿಡಿದ ಹಾಗಿತ್ತು. ರಬ್ಬರಿನ ಮೇಲೆ ಬೆರಳುಗಳು ಜಾರುತ್ತಿದ್ದುದು ಉಮೇಶನಿಗೆ ತನ್ನ ಬೆರಳಿನಲ್ಲೇ ತಿಳಿಯಿತು.

"ಸರ್, ಒಂದ್ನಿಮಿಷ. ಕೈ ಒರಸ್ಕಳಿ, ಟವೆಲ್ ತರ್ತೀನಿ."

"ಅಯ್ಯೋ ಲೈಟ್ ಹೋಗ್ತಿದೆ ಬ್ರೋ," ಎಂದ ಫೋನು ಹಿಡಿದಿದ್ದ ಸ್ನೇಹಿತ.

"ಉಮೇಶಣ್ಣ, ಕಾರ್ಡಲ್ಲಿರೋದು ಹೇಳಿ ಸಾಕು. ನಂಬರ್ ಫೋರ್," ಎಂದು ನಿಖಿತಾ ಕುರ್ಚಿಯಿಂದಲೇ ಕೂಗಿದಳು. "ಹಿಂದೆ ಇನ್ನೂ ಆರು ಜನ ಕಾಯ್ತಿದಾರೆ."

ಉಮೇಶ ಎರಡು ಹೆಜ್ಜೆ ಹಿಂದೆ ಸರಿದು, ಕಾರ್ಡಿನಲ್ಲಿದ್ದದ್ದನ್ನು ಹೇಳಿದ.

"ಹತ್ತರಲ್ಲಿ ನಾಲ್ಕು ಸರ್. ಸಡ್ಲ ಬಿಡಿ. ಹೊಡೀರಿ."

ತನ್ಮಯ್ ಹೊಡೆದ. ಚೆಂಡು ಇದ್ದಲ್ಲೇ ಇತ್ತು. ಸ್ಟಿಕ್ಕು ಮಾತ್ರ ಎಡಗಡೆಗೆ ಹಾರಿ, ಬಿಸಿಲಿನಲ್ಲಿ ಎರಡು ಸಲ ಮಿಂಚಿ, ಕಣದ ಕಟ್ಟೆಯಾಚೆ ಮಾಯವಾಯಿತು. ಆಚೆಯಿಂದ ಒಣ ಕಟ್ಟಿಗೆ ಮುರಿದಂಥ ಒಂದು ಸಣ್ಣ ಸದ್ದು ಬಂತು.

ಕಟ್ಟೆಯ ಕೆಳಗೆ ಕಾಲುದಾರಿ. ತೋಟದ ಆ ಭಾಗದಿಂದ ಹಣ್ಣು ತೂಗುವ ಜಾಗಕ್ಕೆ ಬರಲು ಇರುವುದು ಅದೊಂದೇ. ಅಲ್ಲಿ ರಾಮಮ್ಮ ಕೂತಿದ್ದಳು. ತಲೆಯ ಮೇಲಿದ್ದ ಮೂಟೆ ಉರುಳಿ ಕೆಂಪು ಹಣ್ಣೆಲ್ಲ ದಾರಿಯುದ್ದ ಚೆಲ್ಲಿತ್ತು. ಮೂಟೆಯನ್ನು ಆನಿಸಿ ಹಿಡಿದಿದ್ದ ಬಲಗೈ ಮಣಿಕಟ್ಟಿನಲ್ಲಿ ಬೇರೆಯದೇ ದಿಕ್ಕಿಗೆ ತಿರುಗಿತ್ತು. ಐವತ್ತೆಂಟು ವರ್ಷದ ಹೆಂಗಸು, ಉಮೇಶನ ಪಕ್ಕದ ಲೈನ್ ಮನೆಯವಳು. ಹಣ್ಣು ಕುಯ್ಯುವುದರಲ್ಲಿ ಇಡೀ ಎಸ್ಟೇಟಿನಲ್ಲಿ ಆ ಕೈಗೆ ಸಮನಾದ ಕೈ ಇರಲಿಲ್ಲ.

ಅವಳು ಅಳಲಿಲ್ಲ. ಕೈಯನ್ನು ನೋಡಿದಳು, ಸ್ಟಿಕ್ಕನ್ನು ನೋಡಿದಳು, ಕುಂಟುತ್ತಾ ಇಳಿದು ಬರುತ್ತಿದ್ದ ಉಮೇಶನನ್ನು ನೋಡಿದಳು.

"ಎಂತದೋ ಇದು, ಆಕಾಶದಿಂದ ಸಲಾಕೆ ಉದುರ್ತದಲ್ಲ," ಎಂದಳು. ಆಮೇಲೆ ಅಲ್ಲೇ ವಾಂತಿ ಮಾಡಿಕೊಂಡಳು.

ತನ್ಮಯ್ ಕಟ್ಟೆಯ ಮೇಲಿಂದ ಬಗ್ಗಿ, "ಸಾರಿ ಸಾರಿ... ಅವ್ರು ಅಲ್ಲಿ ಯಾಕೆ ಬಂದ್ರು?" ಎಂದ. ಜೀಪು ಬಂದು ರಾಮಮ್ಮನನ್ನು ಹತ್ತಿಸುವಾಗ ನಿಖಿತಾಳ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, "ಸ್ಟಿಕ್ ಬೆಂಡಾಗಿಲ್ಲ ಅಲ್ವಾ? ಅದು ನಮ್ಮ ಬಿಲ್ಲಿಗೆ ಬರಲ್ಲ ತಾನೆ?" ಎಂದು ಕೇಳಿದ. ಉಮೇಶನಿಗೆ ಅದು ಕೇಳಿಸಿತು. ಅವನು ಆಗ ದಾರಿಯಲ್ಲಿ ಕೂತು ವಾಂತಿಯಲ್ಲಿ ಬಿದ್ದ ಹಣ್ಣನ್ನು ಬೇರೆ ಮಾಡಿ ಉಳಿದದ್ದನ್ನು ಮೂಟೆಗೆ ತುಂಬುತ್ತಿದ್ದ. ಇದನ್ನು ಮುಟ್ಟುವಾಗ ಹೇಸಿಗೆ ಅನ್ನಿಸಲಿಲ್ಲ. ಆಗ ಹಿಡಿದ ತನ್ಮಯನ ಕೈ ನೆನಪಾದಾಗ ಅನ್ನಿಸಿತು.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಎರಡು ಮೂಳೆ ಮುರಿದಿದೆ ಎಂದರು. ಎಂಟು ವಾರ ಪ್ಲಾಸ್ಟರ್, ಆಮೇಲೂ ಮೊದಲಿನ ಹಿಡಿತ ಬರುತ್ತದೆ ಎಂದು ಹೇಳಲಾಗುವುದಿಲ್ಲ ಎಂದರು. ರಾಜೀವರು ಆಸ್ಪತ್ರೆಯ ಖರ್ಚು ಕೊಟ್ಟರು, ಜೊತೆಗೆ ಒಂದು ಡಬ್ಬಿ ಹಾರ್ಲಿಕ್ಸ್. ತನ್ಮಯ್ ಊರಿಗೆ ಹೋಗಿ ಇಂಟರ್‌ನೆಟ್ಟಿನಲ್ಲಿ ಎರಡು ನಕ್ಷತ್ರ ಕೊಟ್ಟು ಬರೆದ: 'ಬಜ್ಜಿ ಚೆನ್ನಾಗಿತ್ತು. ಸೇಫ್ಟಿ ಇಲ್ಲ. ಗಾಲ್ಫ್ ಹೇಳಿಕೊಡುವವನು ಸಡಿಲ ಬಿಡು ಅಂದ, ಬಿಟ್ಟೆ. ನನಗೆ ಮಾನಸಿಕವಾಗಿ ತುಂಬಾ ಆಘಾತವಾಗಿದೆ.' ಕೈ ಮುರಿದವಳ ಸುದ್ದಿ ಅದರಲ್ಲಿ ಇರಲಿಲ್ಲ. ಮೂರೇ ದಿನದಲ್ಲಿ ಆ ವಾರಾಂತ್ಯದ ಎಂಟು ರೂಮುಗಳ ಬುಕಿಂಗ್ ಕ್ಯಾನ್ಸಲ್ ಆಯಿತು.

ನಾಲ್ಕನೇ ದಿನ ರಾಜೀವರು ಉಮೇಶನನ್ನು ಜಗಲಿಗೆ ಕರೆಸಿ ಕೂರಿಸಿದರು. ಕೂರಿಸಿದ್ದೇ ಅವನಿಗೆ ಅಪಶಕುನವಾಗಿ ಕಂಡಿತು. ಕಾಫಿಯೂ ಬಂತು, ಗೆಸ್ಟುಗಳಿಗೆ ಕೊಡುವ ಬಿಳಿ ಕಪ್ಪಿನಲ್ಲಿ.

"ನೋಡು ಉಮೇಶ, ಭಾನುವಾರ ಆ ಹುಡುಗ ವಾಪಸ್ ಬರ್ತಾನೆ. ನಿಖಿತಾ ಮಾತಾಡಿ ಒಪ್ಸಿದಾಳೆ, ಎರಡು ದಿನ ಫ್ರೀ ಅಂತ. ರಾಮಮ್ಮನಿಗೆ ಹಣ್ಣಿನ ಬುಟ್ಟಿ ಕೊಡ್ತಾನೆ. ಒಂದು ವೀಡಿಯೊ ಮಾಡಿ ಹಾಕೋದು. ನೀನು ಅದರಲ್ಲಿ ಒಂದೆರಡು ಮಾತು ಹೇಳ್ಬೇಕು."

"ಎಂತ ಹೇಳ್ಬೇಕು ಗೌಡ್ರೇ?"

"ಗಾಲ್ಫ್ ಟೈಮಲ್ಲಿ ಆ ದಾರಿ ಬಂದ್ ಇರುತ್ತೆ. ನೀನು ಮೂರು ಸಲ ಕೂಗ್ದೆ. ಅವ್ಳಿಗೆ ಕಿವಿ ಸ್ವಲ್ಪ ದೂರ. ಅಷ್ಟೆ."

ರಾಮಮ್ಮನ ಕಿವಿ ಎಂಥದೆಂದು ಎಸ್ಟೇಟಿಗೆಲ್ಲ ಗೊತ್ತಿತ್ತು. ಮೂರನೇ ಲೈನಿನಲ್ಲಿ ಗಂಡ ಹೆಂಡತಿ ಪಿಸುಗುಟ್ಟಿದರೆ ಮೊದಲನೇ ಲೈನಿನಿಂದ ಅವಳು ತೀರ್ಪು ಕೊಡುತ್ತಿದ್ದಳು.

"ದಾರಿ ಯಾವಾಗ ಬಂದ್ ಆಗಿತ್ತು ಗೌಡ್ರೇ? ಹಣ್ಣು ತಗೊಂಡು ಬರೋದಕ್ಕೆ ಇರೋದೇ ಅದೊಂದು."

"ಸುಳ್ಳು ಹೇಳು ಅಂತಿಲ್ಲ ಮಾರಾಯ," ರಾಜೀವರು ಮುಂದೆ ಬಾಗಿದರು. "ನಿಜನ ಸ್ವಲ್ಪ ಸಡ್ಲ ಹಿಡಿ ಅಂತಿದೀನಿ. ನೋಡು, ತಪ್ಪು ಅವ್ಳದಲ್ಲ ಅಂದ್ರೆ ನಿಂದು. ಆ ಹುಡುಗ ನಿನ್ನ ಮೇಲೆ ಬರ್ದಿದಾನೆ, ನನ್ನ ಮೇಲಲ್ಲ. ಗಾಲ್ಫ್ ನಿಂತ್ರೆ ನಿಂಗೆ ನಾನು ಯಾವ ಕೆಲ್ಸ ಕೊಡ್ಲಿ? ಮರ ಹತ್ತಿಯಾ? ನಾನು ಕೆಟ್ಟವನಲ್ಲ. ನೀನು ಬಿದ್ದಾಗ ಯಾರು ನೋಡ್ಕಂಡಿದ್ದು?"

"ನೀವೇ ಗೌಡ್ರೇ."

"ಹಾಂ. ಕಾಫಿ ಕುಡಿ, ಆರೋಗುತ್ತೆ."

ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಉಮೇಶ ಅದನ್ನು ಬೆರಳಿನಿಂದ ಸರಿಸಿ ಒಂದೇ ಗುಟುಕಿಗೆ ಕುಡಿದ.

ಮನೆಯಲ್ಲಿ ಹೆಂಡತಿ ಸುಕನ್ಯಾ ಎಲ್ಲವನ್ನೂ ಕೇಳಿ, ಒಲೆಯ ಮುಂದಿನಿಂದ ಏಳದೆ, "ಹೇಳಿಬಿಡು," ಎಂದಳು.

"ಸುಳ್ಳಲ್ಲೇನೇ?"

"ಮತ್ತೆ ನಿಜ ಹೇಳಿ ಎಲ್ಲಿ ಮಲಗ್ತೀಯ? ಆ ಕಣದಲ್ಲಾ? ಪ್ಲಾಸ್ಟಿಕ್ ಹುಲ್ಲಿನ ಮೇಲೆ? ರಾಮಮ್ಮಕ್ಕಂಗೆ ಎರಡು ದಿನ ಬೇಜಾರಾಗ್ತದೆ, ಆಮೇಲೆ ಮರೀತಾಳೆ. ಮನೆ ಹೋದ್ರೆ ನಂಗೆ ಮರೆಯೋಕಾಗಲ್ಲ." ಒಲೆಗೆ ಕಟ್ಟಿಗೆ ದೂಡಿ, "ನಿನ್ ಕಾಲಿನ ಮೇಲೆ ನಾವು ನಿಂತಿಲ್ಲ, ಆ ಕೋಲಿನ ಮೇಲೆ ನಿಂತೀವಿ. ಗೊತ್ತಿರ್ಲಿ," ಎಂದಳು.

ಶನಿವಾರ ಸಂಜೆ ಉಮೇಶ ರಾಮಮ್ಮನ ಮನೆಗೆ ಹೋದ. ಅವಳು ಬಾಗಿಲಲ್ಲಿ ಕೂತು ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟು, ಎಡಗೈಯಲ್ಲಿ ಅನ್ನ ಕಲೆಸಿ ತಿನ್ನುತ್ತಿದ್ದಳು. ಅರ್ಧ ಅನ್ನ ಸೀರೆಯ ಮೇಲೆ ಬಿದ್ದಿತ್ತು. ಅವನು ಬಂದದ್ದು ಕಂಡು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನೋಡ್ಬೇಡ. ಎಡಗೈಲಿ ಉಣ್ಣೋದು ನಂಗೇ ಅಸಹ್ಯ ಆಗ್ತದೆ. ಇದು ಯಾವ ಕೆಲ್ಸ ಮಾಡೋ ಕೈ ಅಂತ ನಿಂಗೆ ಗೊತ್ತಲ್ಲ." ಹೇಳಿ ತಾನೇ ನಕ್ಕಳು. "ಬಾ, ಕೂತ್ಕ. ಎಂತದೋ ಹಾರ್ಲಿಕ್ಸ್ ಕೊಟ್ಟಾರೆ, ಕುಡೀತೀಯಾ? ನಂಗೆ ಆ ವಾಸ್ನೆ ಆಗಲ್ಲ."

"ಬ್ಯಾಡ ರಾಮಮ್ಮಕ್ಕ."

"ನಾಳೆ ನಂದು ಸಿನಿಮಾ ಅಂತಲ್ಲ. ನಿಖಿತಮ್ಮ ಬಂದಿದ್ರು, ಒಳ್ಳೆ ಸೀರೆ ಉಟ್ಕಳಿ ಅಂದ್ರು. ಪ್ಲಾಸ್ಟರ್ ಮೇಲೆ ಶಾಲು ಹೊದಿಸ್ತಾರಂತೆ. ಮುರಿದಿದ್ದನ್ನ ಮುಚ್ಚಿದ್ರೆ ಮತ್ತೆ ಸಿನಿಮಾ ಎಂತಕ್ಕೆ ತೆಗೀತಾರೆ?" ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡಳು. "ಅದಿರ್ಲಿ, ನಾನು ಕಿವುಡಿ ಅಂತೆ ಹೌದನಾ?"

ಉಮೇಶ ನೆಲ ನೋಡಿದ.

"ಯಾರು ಹೇಳಿದ್ರು?"

"ಕಿವಿಗೆ ಬಿತ್ತು," ಎಂದಳು ರಾಮಮ್ಮ. "ಹೇಳು ಮಾರಾಯ, ಪರವಾಗಿಲ್ಲ. ನಿಂಗೂ ಸಂಸಾರ ಐತೆ. ಕೈಯೇ ಹೋಯ್ತು, ಕಿವಿ ಹೋದ್ರೆ ಎಂತ. ಆದ್ರೆ ದಾರಿ ಬಂದ್ ಇತ್ತು ಅಂತ ಮಾತ್ರ ಹೇಳ್ಬೇಡ. ಅದು ಒಂದ್ಸಲ ಬಂದ್ ಅಂದ್ರೆ ಬಂದೇ. ಆಮೇಲೆ ಹೆಣ್ಮಕ್ಕಳು ಮೂಟೆ ಹೊತ್ಕಂಡು ಗುಡ್ಡ ಸುತ್ತಿ ಬರ್ಬೇಕು."

ಉಮೇಶ ಕಾರ್ಡಿನ ಮಾತು ಹೇಳಿದ. ಹತ್ತರಲ್ಲಿ ನಾಲ್ಕು, ಹಕ್ಕಿಮರಿ ಹಿಡಿದ ಹಾಗೆ ಹಿಡಿಯಬೇಕೆಂದು ಅದರಲ್ಲಿ ಬರೆದಿದೆ, ತಾನು ಅದನ್ನೇ ಹೇಳಿದ್ದು ಎಂದ.

ರಾಮಮ್ಮ ಉಣ್ಣುವುದನ್ನು ನಿಲ್ಲಿಸಿದಳು. "ಹಕ್ಕಿಮರಿನಾ? ಹಕ್ಕಿಮರಿನ ಹಿಡ್ಕಂಡು ಯಾರಾದ್ರೂ ಬೀಸ್ತಾರೇನೋ?"

ಇಬ್ಬರೂ ನಕ್ಕರು. ಅವಳಂತೂ ಪ್ಲಾಸ್ಟರಿನ ಕೈ ಅಲುಗಿ ನೋವಾಗಿ "ಅಯ್ಯಪ್ಪಾ" ಎನ್ನುವ ತನಕ ನಕ್ಕಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಬೇರೆಯೇ ದನಿಯಲ್ಲಿ ಕೇಳಿದಳು.

"ನಂಗೊಂದು ಹೇಳು ಉಮೇಶ. ನೀನು ಕತ್ತಿ ಹಿಡಿದೋನು. ಅವನ ಕೈ ಜಾರ್ತದೆ ಅಂತ ನಿಂಗೆ ಗೊತ್ತಿತ್ತಾ?"

ಪಕ್ಕದ ಮನೆಯಲ್ಲಿ ಸುಕನ್ಯಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ರಾಮಮ್ಮ ಅವನನ್ನೇ ನೋಡಿ, ಸೆರಗಿನ ಮೇಲೆ ಬಿದ್ದಿದ್ದ ಅನ್ನದ ಅಗುಳನ್ನು ಒಂದೊಂದಾಗಿ ತಟ್ಟೆಗೆ ಹಾಕತೊಡಗಿದಳು.

ಭಾನುವಾರ ಕಣ ಮದುವೆ ಮನೆಯಾಗಿತ್ತು. ಮಧ್ಯದಲ್ಲಿ ಒಂದು ಕುರ್ಚಿ, ಅದರಲ್ಲಿ ಶಾಲು ಹೊದ್ದ ರಾಮಮ್ಮ. ಪಕ್ಕದಲ್ಲಿ ಹಣ್ಣಿನ ಬುಟ್ಟಿ. ಒಂದೊಂದು ಹಣ್ಣಿಗೂ ಸ್ಟಿಕ್ಕರ್ ಅಂಟಿಸಿದ್ದರು. ಕಿವಿ ಹಣ್ಣೂ ಇತ್ತು. ರಾಮಮ್ಮ ಅದನ್ನು ಎಡಗೈಯಲ್ಲಿ ತಿರುಗಿಸಿ ನೋಡಿ, "ಇದಕ್ಕೆಂತ ಇಲಿ ಮರಿ ಹಂಗೆ ಕೂದ್ಲು?" ಎಂದು ವಾಪಸ್ಸು ಇಟ್ಟಳು. ತನ್ಮಯ್ ತಂಪು ಕನ್ನಡಕ ಹಾಕಿಕೊಂಡೇ ಅವಳ ಕಾಲಿನ ಹತ್ತಿರ ಕೂತ. ಕೂರುವ ಮೊದಲು ಹುಲ್ಲಿನ ಮೇಲೆ ಕರ್ಚೀಫು ಹಾಸಿದ. ರಾಜೀವರು ಬಿಳಿ ಜುಬ್ಬಾದಲ್ಲಿ ಕಟ್ಟೆಯ ಮೇಲೆ ನಿಂತಿದ್ದರು. ಕೆಳಗಿನ ಕಾಲುದಾರಿಯ ಬಾಯಿಗೆ ಬೆಳಿಗ್ಗೆಯಷ್ಟೇ ಒಂದು ಹೊಸ ಬೋರ್ಡು ಹುಗಿಸಿದ್ದರು: 'ಪ್ರವೇಶವಿಲ್ಲ'. ಬಣ್ಣ ಇನ್ನೂ ಆರಿರಲಿಲ್ಲ.

"ರಾಮಮ್ಮ, ಸ್ವಲ್ಪ ನಗಿ," ಎಂದಳು ನಿಖಿತಾ ಫೋನು ಹಿಡಿದು.

"ಹಲ್ಲು ಕಾಣ್ಬೇಕಾ, ಬ್ಯಾಡ್ವಾ?"

"ಕಾಣ್ಲಿ."

"ಇರೋದು ಎಂಟು. ನೋಡ್ಕಳಿ."

ತನ್ಮಯ್ ಬುಟ್ಟಿ ಕೊಟ್ಟ. ಎರಡು ಸಲ ಕೊಟ್ಟ, ಏಕೆಂದರೆ ಮೊದಲ ಸಲ ಅವನ ಕೂದಲಿಗೆ ಗಾಳಿ ಬೀಸಿತ್ತು. 'ಅಮ್ಮಾ, ನೀವು ನನ್ನ ತಾಯಿ ಸಮಾನ' ಎಂದ. ತಾಯಿ ಸಮಾನಳಾದವಳ ಕೈ ಮುಟ್ಟಲು ಹೋಗಿ, ಪ್ಲಾಸ್ಟರಿನ ತುದಿಯಲ್ಲಿ ಊದಿ ಕಪ್ಪಾಗಿದ್ದ ಬೆರಳುಗಳು ಶಾಲಿನಿಂದ ಇಣುಕಿದ್ದು ಕಂಡು, ಕೈ ಹಿಂದಕ್ಕೆಳೆದುಕೊಂಡ. ಅವನ ಮುಖ ಹಿಂಡಿದ ಹಾಗಾದದ್ದನ್ನು ಉಮೇಶ ನೋಡಿದ. ಅದು ಪಶ್ಚಾತ್ತಾಪವಲ್ಲ. ಬಚ್ಚಲಿನಲ್ಲಿ ಜಿರಲೆ ಕಂಡವರ ಮುಖ ಹಾಗಾಗುತ್ತದೆ.

"ಈಗ ಉಮೇಶಣ್ಣ. ಸ್ಟಿಕ್ ಹಿಡ್ಕೊಳಿ, ಕ್ಯಾಮೆರಾ ನೋಡಿ, ಕರೆಕ್ಟ್ ಗ್ರಿಪ್ ತೋರ್ಸಿ. ಆಮೇಲೆ ಆ ಮಾತು ಹೇಳಿ."

ಉಮೇಶ ಸ್ಟಿಕ್ಕು ಹಿಡಿದ. ಮೂರು ಬೆರಳು ತಾವಾಗಿ ಬಿಗಿಯಾದವು, ಉಳಿದವು ಸಡಿಲವಾದವು. ಕಟ್ಟೆಯ ಹತ್ತಿರ ಸುಕನ್ಯಾ ನಿಂತಿದ್ದಳು. ಕಣ್ಣಿನಲ್ಲೇ 'ಹೇಳಿಬಿಡು' ಎನ್ನುತ್ತಿದ್ದಳು.

"ನಾನು ಉಮೇಶ," ಎಂದ. "ಇಲ್ಲಿ ಗಾಲ್ಫ್ ಹೇಳ್ಕೊಡ್ತೀನಿ. ಅವತ್ತು ರಾಮಮ್ಮಕ್ಕ ದಾರೀಲಿ ಬರ್ತಿದ್ರು. ನಾನು ಮೂರು ಸಲ..."

ನಿಖಿತಾ ತಲೆಯಾಡಿಸಿ 'ಮುಂದೆ' ಎಂದಳು.

"ನಾನು ಕೂಗ್ಲಿಲ್ಲ. ಕೂಗೋದಕ್ಕೆ ಎಂತ ಇತ್ತು, ಅದು ಅವ್ರು ದಿನಾ ಬರೋ ದಾರಿ. ಈ ಸರ್ ಕೈ ತುಂಬ ಎಣ್ಣೆ ಇತ್ತು. ಜಾರ್ತಿತ್ತು. ನಂಗೆ ಗೊತ್ತಿತ್ತು."

"ಕಟ್," ಎಂದಳು ನಿಖಿತಾ. "ಉಮೇಶಣ್ಣ, ಏನಿದು! ಇನ್ನೊಂದ್ಸಲ."

"ತಲೆ ಕೆಟ್ಟಿದೆಯೇನೋ?" ಎಂದರು ರಾಜೀವರು. "ಸಲೀಸಾಗಿ ಹೇಳು. ದಾರಿ ಬಂದ್ ಇತ್ತು, ಕೂಗ್ದೆ, ಕೇಳ್ಸಲಿಲ್ಲ. ಮೂರೇ ಮಾತು."

ಇನ್ನೊಂದು ಸಲ ಫೋನು ಎತ್ತಿದರು.

"ನಾನು ಉಮೇಶ. ಕೈ ಜಾರ್ತದೆ ಅಂತ ನಂಗೆ ಗೊತ್ತಿತ್ತು. ಒರಸ್ಕಳಿ ಅಂದೆ, ಒರಸ್ಲಿಲ್ಲ. ಆಮೇಲೂ ನಾನೇ ಸಡ್ಲ ಬಿಡಿ ಅಂದೆ. ಹಿಂದೆ ಆರು ಜನ ಕಾಯ್ತಿದ್ರು ಅಂತ ಅಂದೆ. ಕೆಲ್ಸ ಹೋಗ್ತದೆ ಅಂತ ಅಂದೆ."

"ಬ್ರೋ, ನನ್ನ ಮೇಲೆ ಹಾಕ್ತಿದಾನೆ ಇವ್ನು," ಎಂದ ತನ್ಮಯ್ ಎದ್ದು ನಿಂತು. "ಇದೆಲ್ಲ ಡಿಲೀಟ್ ಮಾಡಿ. ಸೀರಿಯಸ್ಲಿ."

"ನಿಮ್ಮ ಮೇಲಲ್ಲ ಸರ್. ನಿಮಗೆ ಗೊತ್ತಿರ್ಲಿಲ್ಲ," ಎಂದ ಉಮೇಶ. "ನಿಮಗೆ ಎಂತದೂ ಗೊತ್ತಿಲ್ಲ."

ರಾಮಮ್ಮ ಕುರ್ಚಿಯಲ್ಲಿ ಅಲುಗದೆ ಕೂತಿದ್ದಳು. ಶಾಲು ಜಾರಿ ಪ್ಲಾಸ್ಟರ್ ಪೂರ್ತಿ ಕಾಣುತ್ತಿತ್ತು. ರಾಜೀವರು ಕಟ್ಟೆಯಿಂದ ಇಳಿದು ಬಂದು ಉಮೇಶನ ಎದುರು ನಿಂತರು. ಕೋಪಕ್ಕಿಂತ ಹೆಚ್ಚಾಗಿ ಅವರ ಮುಖದಲ್ಲಿ ಇದ್ದದ್ದು ಹೇಸಿಗೆ. ಅನ್ನದಲ್ಲಿ ಕೂದಲು ಸಿಕ್ಕಿದಾಗ ಆಗುವಂಥದು.

"ಸ್ಟಿಕ್ ಕೆಳಗಿಡು."

ಇಟ್ಟ.

"ತಿಂಗಳ ಕೊನೆ ತನಕ ಟೈಮ್ ಕೊಡ್ತೀನಿ. ಮನೆ ಖಾಲಿ ಮಾಡು. ನಿನ್ನಂಥವನನ್ನ ಎತ್ತಿ ಕೂರ್ಸಿದ್ದು ನನ್ನ ತಪ್ಪು."

ಉಮೇಶ ಅವರ ಮುಖವನ್ನೇ ನೋಡಿದ. ಎರಡು ವರ್ಷದಿಂದ ತನಗೆ ಪ್ರತಿ ಕೈ ಹಿಡಿದಾಗಲೂ ಆಗುತ್ತಿದ್ದದ್ದು ಈಗ ಇವರಿಗೂ ಆಗುತ್ತಿದೆಯಲ್ಲ ಎಂದುಕೊಂಡ. ಅದರಿಂದ ಸಂತೋಷವೇನೂ ಆಗಲಿಲ್ಲ. ತಿರುಗಿ ನಡೆಯುವಾಗ ನಿಖಿತಾ ಫೋನನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳ ಹೆಬ್ಬೆರಳು ಅಳಿಸುವ ಗುರುತಿನ ಮೇಲಿತ್ತು. ಒತ್ತಿದಳೋ ಇಲ್ಲವೋ ಅವನಿಗೆ ಕಾಣಲಿಲ್ಲ.

ಸುಕನ್ಯಾ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಾ, "ಗುಡ್ಡದ ಕೆಳಗೆ ರೂಪಶ್ರೀಯಮ್ಮ ಆಳು ಹುಡುಕ್ತಿದಾರಂತೆ. ಐದೆಕರೆ ತೋಟ. ಹಣ್ಣು ಉದುರ್ತಾ ಇದೆ, ಕುಯ್ಯೋರಿಲ್ಲ. ಕಾಲಿದ್ದೋರು ಕೈಯಿದ್ದೋರು ಅಂತ ನೋಡಲ್ಲ ಅಂದ್ರು. ಹಿಂದ್ಗಡೆ ಒಂದು ಕೊಟ್ಟಿಗೆ ಇದ್ಯಂತೆ," ಎಂದಳು. ಹೇಳಿದ್ದು ಗೋಣಿಚೀಲಕ್ಕೋ ಎಂಬಂತಿತ್ತು. ಚೀಲದ ಬಾಯಿ ಕಟ್ಟುತ್ತಾ ಸೇರಿಸಿದಳು, "ಸಗಣಿ ವಾಸ್ನೆ. ನಿಂಗೆ ಅಭ್ಯಾಸ ಮಾಡ್ಕಳಕ್ಕೆ ಎಷ್ಟು ಹೊತ್ತು, ಆ ಗೆಸ್ಟುಗಳ ಕೈ ಹಿಡಿದೋನಿಗೆ."

ರಾಮಮ್ಮನನ್ನು ಯಾರೂ ಕರೆದಿರಲಿಲ್ಲ. ಆದರೂ ಕೆಲಸದ ಮೊದಲನೇ ದಿನ ಬೆಳಿಗ್ಗೆ ಅವರಿಗಿಂತ ಮುಂಚೆ ರೂಪಶ್ರೀಯ ತೋಟದ ಗೇಟಿನಲ್ಲಿ ಕೂತಿದ್ದಳು. ಪ್ಲಾಸ್ಟರನ್ನು ಹಳೆ ಸೀರೆಯ ತುಂಡಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡಿದ್ದಳು. ಸೊಂಟದಲ್ಲಿ ಬುಟ್ಟಿ.

"ಎಂತ ಮಾಡ್ತೀಯ ರಾಮಮ್ಮಕ್ಕ ಇಲ್ಲಿ?"

"ಮನೇಲಿ ಕೂತ್ರೆ ಹಾರ್ಲಿಕ್ಸ್ ಕುಡೀಬೇಕಾಗ್ತದೆ. ಬಾ. ನಂದೊಂದು ಕೈ, ನಿಂದೊಂದು ಕಾಲು. ಇಬ್ರೂ ಸೇರಿ ಒಂದಾಳು. ಸಂಬ್ಳನೂ ಒಂದೇ ಕೊಡ್ಲಿ."

ಗಿ‌ಡಗಳು ಎತ್ತರಕ್ಕೆ ಬೆಳೆದಿದ್ದವು, ಕೊಂಬೆಗಳ ಮೇಲೆ ಇಬ್ಬನಿ ಇತ್ತು. ಉಮೇಶ ಒಂದು ಕೊಂಬೆಯನ್ನು ಹಿಡಿದು ಅವಳ ಎದೆಯ ಮಟ್ಟಕ್ಕೆ ಬಗ್ಗಿಸಿದ. ರಾಮಮ್ಮ ಎಡಗೈ ನೀಡಿ ಒಂದು ಹಣ್ಣು ಹಿಡಿದಳು. ಹಣ್ಣು ಪಚಕ್ಕೆಂದು ಒಡೆದು ರಸ ಮೊಣಕೈ ತನಕ ಇಳಿಯಿತು. ಅವಳು ಬೈದುಕೊಂಡು ಕೈಯನ್ನು ಸೀರೆಗೆ ಒರೆಸಿಕೊಂಡಳು. ಎರಡನೆಯದು ಬರಲಿಲ್ಲ, ಬೆರಳಿನಿಂದ ಜಾರಿತು. ಮೂರನೆಯದರ ಜೊತೆ ಪಕ್ಕದ ಎರಡು ಹಸಿರು ಕಾಯಿ, ಒಂದು ಎಲೆ, ಗೊಂಚಲಿನ ತೊಟ್ಟು ಎಲ್ಲ ಕಿತ್ತು ಬಂದವು.

"ನೋಡು, ಹೊಸ ಸೊಸೆ ಹಂಗೆ ಕುಯ್ತಿದೀನಿ," ಎಂದಳು. ಹಣೆಯ ಮೇಲೆ ಬೆವರಿತ್ತು.

ಉಮೇಶ ಏನನ್ನೂ ಹೇಳಿಕೊಡಲಿಲ್ಲ. ಕೊಂಬೆ ಮೇಲಕ್ಕೆ ಚಿಮ್ಮದ ಹಾಗೆ, ಬುಡದಲ್ಲಿ ಸೀಳದ ಹಾಗೆ ಹಿಡಿದು ನಿಂತ. ಕುಂಟುಗಾಲು ನೋಯುತ್ತಿತ್ತು. ಮೇಲಿನ ಗುಡ್ಡದಿಂದ ಚೆಂಡು ಹೊಡೆದ ಸದ್ದು ಒಂದು ಬಂತು. ಯಾರೋ ಹೊಸಬರು ಇರಬೇಕು. ಇಬ್ಬರೂ ತಲೆ ಎತ್ತಲಿಲ್ಲ. ಎಷ್ಟನೆಯದೋ ಒಂದು ಹಣ್ಣು, ತೊಟ್ಟು ಗಿಡದಲ್ಲೇ ಉಳಿದು, ಮೈ ಒಡೆಯದೆ, ರಾಮಮ್ಮನ ಎರಡು ಬೆರಳಿನ ನಡುವೆ ಇಡಿಯಾಗಿ ಬಂತು. ಬುಟ್ಟಿಯ ಖಾಲಿ ತಳದಲ್ಲಿ ಅದು ಟಪ್ಪೆಂದಿತು. ಅವಳು ಬುಟ್ಟಿಯ ಕಡೆ ನೋಡದೆ ಮುಂದಿನ ಗೊಂಚಲಿಗೆ ಕೈ ಹಾಕಿದಳು. ಉಮೇಶ ಕೊಂಬೆಯನ್ನು ಇನ್ನೊಂದು ಗೇಣು ಬಗ್ಗಿಸಿದ.